ಕುಮುದ ತನ್ನ ಬಾಯಿಂದ ಹೇಳಿದ್ದು

ಕುಮುದ ನಮ್ಮ ಪಶ್ಚಿಮದ ಮನೆಯ ಹುಡುಗಿ. ಅಂದರೆ ಅವಳ ಬಗ್ಗೆ ಒಳ್ಳೆಯ ಮಾತು ಹೇಳುವ ಹಕ್ಕು ನಮ್ಮೂರಿನ ಪದ್ಧತಿಯ ಪ್ರಕಾರ ನನ್ನದು, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಆಸಾಮಿ ನಾನಲ್ಲ. ಆದ್ದರಿಂದ ಶುರುವಿನಲ್ಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ಅವಳಂಥ ತಲೆ ನಮ್ಮೂರಲ್ಲಿ ಈವರೆಗೆ ಹುಟ್ಟಿಲ್ಲ. ಯಾರಾದರೂ ಅನುಮಾನ ಇದ್ದವರು ನನ್ನ ಹಿಟ್ಟಿನ ಗಿರಣಿಗೆ ಬರಲಿ, ಕೂರಿಸಿ ಹೇಳುತ್ತೇನೆ.

ನಮ್ಮೂರಲ್ಲಿ ತನ್ನ ಬಗ್ಗೆ ತಾನೇ ಒಳ್ಳೆಯದು ಹೇಳಿಕೊಂಡರೆ, ಹೇಳಿಕೊಂಡದ್ದು ಹೊರಟುಹೋಗುತ್ತದೆ. ಅಡುಗೆ ಗಿರಿಯಪ್ಪ ಒಂದು ಮದುವೆಯಲ್ಲಿ, ಹುಳಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬಾಯಿ ಜಾರಿದ. ಮರುದಿನ ಬೀಗರ ಔತಣದಲ್ಲಿ ಅವನ ಹುಳಿ ಅಕ್ಕಿ ತೊಳೆದ ನೀರಿನಂತಿತ್ತು. ಆಮೇಲೆ ಅವನು ಸೌಟು ಬಿಟ್ಟು ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ಹೆತ್ತವರು ಮಕ್ಕಳನ್ನು ಹೊಗಳಿದರೂ ಇದೇ ಕಥೆ. ಆಗ ಹೋಗುವುದು ಮಕ್ಕಳದ್ದಲ್ಲ, ಹೆತ್ತವರ ಕೈಯ ಕಸುಬು. ಅದಕ್ಕೇ ನಮ್ಮೂರ ತಾಯಂದಿರು ಮಗ ಬಹುಮಾನದ ಬಟ್ಟಲು ಹಿಡಿದು ಮನೆಗೆ ಬಂದರೆ "ಕೈಕಾಲು ತೊಳ್ಕೊ, ಊಟಕ್ಕೆ ಏಳು" ಅನ್ನುತ್ತಾರೆ.

ಹೀಗಿರುವುದರಿಂದ ಒಬ್ಬೊಬ್ಬರ ಒಳ್ಳೆಯತನ ಹೇಳುವ ಕೆಲಸ ಪೂರ್ವದ ಮನೆಯವರಿಗೆ ಬಿದ್ದಿದೆ. ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಮನೆಯ ಪೂರ್ವದ ಬಾಗಿಲು ತಟ್ಟುತ್ತಾರೆ. ಬಾಡಿಗೆಗೆ ಮನೆ ಹುಡುಕುವವರು ನೀರು ಬರುತ್ತದೆಯೇ ಎಂದು ಕೇಳುವುದಕ್ಕಿಂತ ಮೊದಲು, ಪೂರ್ವಕ್ಕೆ ಯಾರಿದ್ದಾರೆ ಎಂದು ಕೇಳುತ್ತಾರೆ. ನನ್ನ ಪೂರ್ವಕ್ಕಿರುವವರು ರುದ್ರಮ್ಮ. ನನ್ನ ಬಗ್ಗೆ ಯಾರು ಬಂದು ಕೇಳಿದರೂ ಆಕೆ "ಪರವಾಗಿಲ್ಲ" ಅನ್ನುತ್ತಾರೆ, ಅದರ ಮೇಲೆ ಇನ್ನೊಂದು ಅಕ್ಷರ ಹೇಳಿದ್ದು ನಾನು ಕೇಳಿಲ್ಲ. ಕೊರತೆಗಳನ್ನು ಮಾತ್ರ ನಾವೇ ಹೇಳಿಕೊಳ್ಳಬಹುದು, ಹೇಳಿಕೊಂಡರೆ ಅವು ಹೋಗುವುದೂ ಇಲ್ಲ. ನನ್ನ ಕೊರತೆ ಎಂದರೆ, ಗಿರಣಿಯ ಸದ್ದಿನ ನಡುವೆ ಕೂಗಿ ಕೂಗಿ ಮೆತ್ತಗೆ ಮಾತಾಡುವುದು ನನಗೆ ಬಾರದೇ ಹೋಗಿದೆ. ಗುಟ್ಟು ಹೇಳಿದರೂ ಎದುರು ಬೀದಿಗೆ ಕೇಳುತ್ತದೆ.

ಕುಮುದಳ ತಾಯಿ ಸಾಕಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುತ್ತಾಳೆ. ಗಂಡ ಹೋದ ಮೇಲೆ ಆ ಇದ್ದಿಲ ಪೆಟ್ಟಿಗೆಯೇ ಮನೆ ನಡೆಸಿದ್ದು. ಅವಳ ಬಗ್ಗೆ ಹೇಳುವುದೂ ನನ್ನ ಪಾಲಿನದೇ. ಸಾಕಮ್ಮ ಹಾಕಿದ ಗೆರೆ ಭುಜದಿಂದ ಹೊರಟರೆ ಮಣಿಕಟ್ಟಿನ ತನಕ ಅತ್ತಿತ್ತ ಅಲ್ಲಾಡುವುದಿಲ್ಲ. ಪಂಚಾಯ್ತಿ ಅಧ್ಯಕ್ಷರಿಂದ ಹಿಡಿದು ಬಸ್ ಕಂಡಕ್ಟರ್ ತನಕ ಊರಿನ ಗಂಡಸರೆಲ್ಲ ನೆಟ್ಟಗೆ ಕಾಣುತ್ತಿದ್ದರೆ ಅದು ಸಾಕಮ್ಮನ ದಯೆಯಿಂದ. ಆದರೆ ಮಾತು ಕಮ್ಮಿ. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದ ದಿನ ಊರೆಲ್ಲ ಗಾಡಿಯ ಮುಂದೆ ನೆರೆದಿತ್ತು, ಸಾಕಮ್ಮ ತಲೆ ಎತ್ತದೆ ಯಾರದೋ ಪ್ಯಾಂಟಿನ ಮೇಲೆ ನೀರು ಚಿಮುಕಿಸಿ "ಇದ್ದಿಲು ತಗೊಂಡು ಬಾ" ಎಂದಳು. ಕುಮುದ ಇದ್ದಿಲು ತರಲು ಹೋದಳು.

ಅಂಥ ಹುಡುಗಿಗೆ ಪಿಯುಸಿ ಮುಗಿದ ಬೇಸಿಗೆಯಲ್ಲಿ ದೊಡ್ಡ ಪಟ್ಟಣದ ಕಾಲೇಜಿನಿಂದ ಕಾಗದ ಬಂತು. ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಅವರು ಒಂದು ವಿದ್ಯಾರ್ಥಿವೇತನ ಇಟ್ಟಿದ್ದಾರೆ. ಸಿಕ್ಕಿದರೆ ಡಿಗ್ರಿ ಮುಗಿಯುವ ತನಕ ಫೀಸು, ಹಾಸ್ಟೆಲ್ಲು, ಊಟ ಎಲ್ಲವೂ ಅವರದು. ಸಿಗದಿದ್ದರೆ ಕುಮುದಳಿಗೆ ಕಾಲೇಜಿಲ್ಲ, ಇನ್ನೊಂದು ಇಸ್ತ್ರಿ ಪೆಟ್ಟಿಗೆ ಕೊಳ್ಳುವುದೇ ಸೈ. ಅಂಕದಲ್ಲಿ ಅವಳು ಆಯ್ಕೆಯಾಗಿದ್ದಳು, ಸಂದರ್ಶನವೊಂದು ಬಾಕಿ. ಅಭ್ಯರ್ಥಿಯು ತನ್ನ ಸಾಮರ್ಥ್ಯಗಳ ಕುರಿತು ಸಮಿತಿಯ ಮುಂದೆ ಸ್ವತಃ ಮಾತನಾಡಬೇಕು ಎಂದು ಬರೆದಿತ್ತು. ಕೊನೆಗೆ ಇನ್ನೊಂದು ಸಾಲು, ಯಾವುದೇ ರೀತಿಯ ಶಿಫಾರಸು ತಂದವರನ್ನು ಕೈಬಿಡಲಾಗುವುದು. ಆ ಸಾಲು ನನಗೆ ಬಹಳ ಹಿಡಿಸಿತು. ಗುರುತು ಪರಿಚಯ ಇಲ್ಲದ ದೊಡ್ಡ ಮನುಷ್ಯರಿಂದ ಫೋನು ಮಾಡಿಸುವವರಿಗೆ ಹಾಗೇ ಆಗಬೇಕು ಎಂದೆ. ಆದರೆ ಅದರ ಮೇಲಿನ ಸಾಲು ಓದಿ ಕುಮುದ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸ್ವತಃ ಮಾತಾಡ್ಬೇಕಂತೆ ಮಾಮ."

"ಓದ್ದೆ ಕಣವ್ವ."

"ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಹೇಳಿದ್ರೆ ಕಾಲೇಜು ಸಿಗುತ್ತೆ, ಲೆಕ್ಕ ಹೋಗುತ್ತೆ. ಲೆಕ್ಕ ಇಲ್ದೆ ಆ ಕಾಲೇಜಲ್ಲಿ ಏನು ಮಾಡ್ಲಿ ನಾನು?"

ಊರಿನವರ ಹತ್ತಿರ ಉತ್ತರ ಬೇಕಾದಷ್ಟಿತ್ತು. ಗಿರಣಿಗೆ ರಾಗಿ ತಂದವರು, ಗೋಧಿ ತಂದವರು, ಏನೂ ತರದೆ ಸುಮ್ಮನೆ ಬಂದವರು ಎಲ್ಲರೂ ಒಂದೊಂದು ಉಪಾಯ ಹೇಳಿದರು. ಅಕ್ಷರ ದುಂಡಗಿದೆ ಅಂತ ಮಾತ್ರ ಹೇಳಲಿ, ಹೋದರೆ ಅಕ್ಷರ ಹೋಗಲಿ ಎಂದರು ಒಬ್ಬರು. ಇಲ್ಲದ್ದನ್ನು ಹೇಳಲಿ, ಸಂಗೀತ ಬರುತ್ತೆ ಅನ್ನಲಿ, ಇಲ್ಲದ್ದು ಹೇಗೆ ಹೋದೀತು ಎಂದ ಶಾಮಿಯಾನದ ಗಿರಿಯಪ್ಪ. ಸುಳ್ಳು ಹೇಳಿ ತಗೊಂಡ ಕಾಲೇಜಿನಲ್ಲಿ ಓದಲ್ಲ ಅಂತ ಕುಮುದ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಹೋಗುವುದೇ ಬೇಡ, ಇರುವುದನ್ನು ಇಟ್ಟುಕೊಂಡು ನೆಮ್ಮದಿಯಾಗಿ ಇರಲಿ ಎಂದವರು ರುದ್ರಮ್ಮ. ಹೆಚ್ಚಿನವರು ಅದಕ್ಕೇ ತಲೆಯಾಡಿಸಿದರು. ಸಾಕಮ್ಮನನ್ನು ಯಾರೂ ಕೇಳಲಿಲ್ಲ, ಕೇಳಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ಹೋಗು ಎಂದರೂ ಅದರೊಳಗೆ ಹೊಗಳಿಕೆ ಇಣುಕಿಬಿಟ್ಟರೆ ಏನು ಗತಿ.

ಒಂದು ಸಂಜೆ ಕುಮುದ ನನ್ನನ್ನು ಕೆರೆಯ ಕಡೆ ಕರೆದುಕೊಂಡು ಹೋದಳು. ಸೋಪಾನದ ಮೇಲೆ ಬೋರಯ್ಯ ಕೂತಿದ್ದರು. ಒಂದು ಕಾಲಕ್ಕೆ ಅವರು ಈ ಕೆರೆಯನ್ನು ಅಡ್ಡಕ್ಕೂ ಉದ್ದಕ್ಕೂ ಈಜಿದವರು. ಜಿಲ್ಲೆಯ ಈಜು ಪಂದ್ಯಕ್ಕೆ ಹೋದಾಗ ಪತ್ರಿಕೆಯವನೊಬ್ಬ ಏನೋ ಕೇಳಿದ, ಇವರು ಉಬ್ಬಿ ಏನೋ ಹೇಳಿದರು, ಈಜು ಅಲ್ಲೇ ಹೋಯಿತು. ಪರ ಊರಿನಲ್ಲಿ ಹೇಳಿದರೂ ಬಿಡುವುದಿಲ್ಲ ಎಂದು ನಮಗೆ ತಿಳಿದದ್ದು ಅವರಿಂದಲೇ. ಅಂದಿನಿಂದ ಅವರು ದಿನಾ ಕೆರೆಗೆ ಬರುತ್ತಾರೆ, ಕೂತು ಎದ್ದು ಹೋಗುತ್ತಾರೆ.

"ತಾತ, ಆಮೇಲೆ ನೀರಿಗೆ ಇಳೀಲೇ ಇಲ್ವಾ ನೀವು?" ಎಂದು ಕುಮುದ ಕೇಳಿದಳು. ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು, ನನಗೇ ಕಸಿವಿಸಿಯಾಯಿತು.

"ಇಳಿದೆ ಒಂದ್ಸಲ. ಮುಳುಗಿದೆ. ಜುಟ್ಟು ಹಿಡ್ಕೊಂಡು ಎಳೆದು ಹಾಕುದ್ರು."

"ಮತ್ತೆ ಕಲಿಯೋಕೆ ನೋಡಲಿಲ್ವಾ?"

ಬೋರಯ್ಯ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡರು. "ಹೆಂಗೆ ಕಲೀಲಿ ಮಗ? ಮೊಣಕಾಲುದ್ದ ನೀರಲ್ಲಿ ನಿಂತು ಹೈಕಳ ಜತೆ ಕೈಕಾಲು ಬಡೀಬೇಕು. ಆಗ ನಂಗೆ ಈಟುದ್ದ ಮೀಸೆ ಇತ್ತು. ಜನ ಏನಂದಾರು."

"ಅಂದ್ರೆ ಕಲಿತರೆ ಬರಲ್ಲ ಅಂತ ನಿಮಗೆ ಗೊತ್ತಿಲ್ಲ. ನಾಚಿಕೆಗೆ ಬಿಟ್ರಿ."

ಮುದುಕರು ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ನೀನು ಲೆಕ್ಕದೋಳು, ಹಂಗೆ ಕೇಳ್ತೀಯ" ಎಂದರು. ದಾರಿಯಲ್ಲಿ ಕುಮುದ ಶಾಮಿಯಾನದ ಅಂಗಡಿಯ ಮುಂದೆ ನಿಂತು ಗಿರಿಯಪ್ಪನಿಗೂ ಅದನ್ನೇ ಕೇಳಿದಳು. ಅವನೂ ಮತ್ತೆ ಒಲೆಯ ಮುಂದೆ ಕೂತಿರಲಿಲ್ಲ. ನಮ್ಮೂರಲ್ಲಿ ಕಳೆದುಕೊಂಡವರು ಯಾರೂ ಮೊದಲಿನಿಂದ ಕಲಿಯಲು ಹೋಗಿರಲಿಲ್ಲ. ಇಷ್ಟು ವರ್ಷ ಇದ್ದೂ ನನಗೆ ಇದು ಹೊಳೆದಿರಲಿಲ್ಲ, ಅವಳಿಗೆ ಒಂದು ಸಂಜೆಯಲ್ಲಿ ಹೊಳೆಯಿತು.

"ಹೋಗ್ತೀನಿ ಮಾಮ" ಎಂದಳು. "ಹೇಳ್ತೀನೋ ಇಲ್ವೋ ಅಲ್ಲಿ ಹೋಗಿ ನೋಡ್ಕೋತೀನಿ. ಆದ್ರೆ ಹೋಗ್ತೀನಿ."

ಮನೆಗೆ ಹೋಗಿ ತಾಯಿಗೂ ಹೇಳಿದಳು. ಸಾಕಮ್ಮ ಪೆಟ್ಟಿಗೆಯೊಳಗೆ ಕೆಂಡ ಊದುತ್ತಲೇ "ಬಸ್ಸು ಎಷ್ಟೊತ್ತಿಗೆ?" ಎಂದಳು. ಆಮೇಲೆ ಮಗಳ ನೀಲಿ ಚೂಡಿದಾರ್ ತೆಗೆದುಕೊಂಡು, ಮೂರು ಸಲ ನೀರು ಚಿಮುಕಿಸಿ, ಒಂದೊಂದು ತೋಳಿಗೂ ಪೆಟ್ಟಿಗೆ ಒತ್ತಿದಳು. ಅಂಥ ಇಸ್ತ್ರಿ ನಾನು ಅಧ್ಯಕ್ಷರ ಅಂಗಿಗೂ ನೋಡಿಲ್ಲ. ಕುಮುದ ಹೊರಗೆ ಬಂದು ನನ್ನ ಜಗಲಿಯ ಮೇಲೆ ಕೂತಳು.

"ಅವ್ವ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು ಮಾಮ."

"ನಾನು ಹೇಳ್ತಾ ಇಲ್ವೇನೆ, ನೀನು ಅಂಬೆಗಾಲಿಡೋ ಕಾಲದಿಂದ."

"ನೀವು ಹೇಳೋದು ನಿಮ್ಮ ಕೆಲಸ. ನಾನು ಬೇರೆ ಬೀದೀಲಿ ಹುಟ್ಟಿದ್ರೆ ಬೇರೆಯವರು ಹೇಳೋರು."

ಈ ಮಾತು ನನ್ನ ಎದೆಗೆ ಚುಚ್ಚಿತು. ಆದರೂ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಾಯಿ ತನ್ನ ಬಗ್ಗೆ ಏನಂದುಕೊಂಡಿದ್ದಾಳೆ ಎಂದು ಆ ಹುಡುಗಿಗೆ ಹದಿನೆಂಟು ವರ್ಷದಿಂದ ಗೊತ್ತಿರಲಿಲ್ಲ. ಸಾಕಮ್ಮ ಬಾಯಿ ಬಿಟ್ಟರೆ ಇಸ್ತ್ರಿ ಹೋಗುತ್ತದೆ, ಇಸ್ತ್ರಿ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅದೂ ಆ ಹುಡುಗಿಗೆ ಗೊತ್ತಿತ್ತು, ಗೊತ್ತಿದ್ದೂ ಬೇಕು ಅನ್ನಿಸುತ್ತಿತ್ತು.

ಸಾಕಮ್ಮ ಗಾಡಿ ಬಿಟ್ಟು ಬರುವಂತಿರಲಿಲ್ಲ. ನಾನೇ ಗಿರಣಿಗೆ ಬೀಗ ಹಾಕಿ ಕುಮುದಳ ಜೊತೆ ಹೊರಟೆ. ಪಟ್ಟಣದ ಕಾಲೇಜು ದೊಡ್ಡದು, ಓಣಿಯಂಥ ಉದ್ದ ವರಾಂಡ, ಅದರ ಬೆಂಚುಗಳ ತುಂಬ ಹುಡುಗ ಹುಡುಗಿಯರು. ಒಬ್ಬ ತಾನು ಹುಟ್ಟು ನಾಯಕ ಎಂದು ಬಾಯಿಪಾಠ ಮಾಡುತ್ತಿದ್ದ. ಇನ್ನೊಬ್ಬಳು ತನ್ನ ಇಂಗ್ಲಿಷು ಎಷ್ಟು ಸೊಗಸು ಎಂದು ಇಂಗ್ಲಿಷಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಒಳಗೆ ಹೋಗಿ ಅದನ್ನೇ ಹೇಳಿ ನಗುತ್ತ ಹೊರಗೆ ಬರುತ್ತಿದ್ದರು. ಪಾಪ, ಮನೆ ಮುಟ್ಟಿದ ಮೇಲೆ ಗೊತ್ತಾಗುತ್ತದೆ ಎಂದು ನನಗೆ ಮರುಕವಾಯಿತು.

ಕುಮುದಳ ಹೆಸರು ಕರೆದರು. ಬಾಗಿಲಿಗೆ ಪರದೆ ಮಾತ್ರ ಇದ್ದದ್ದರಿಂದ ಒಳಗಿನದೆಲ್ಲ ನನಗೆ ಕೇಳುತ್ತಿತ್ತು. ಪರದೆಯ ಸಂದಿಯಲ್ಲಿ ಕಂಡ ಹಾಗೆ ಮೂವರು ಕೂತಿದ್ದರು, ನಡುವೆ ದಪ್ಪ ಕನ್ನಡಕದ ಮೇಡಂ ಒಬ್ಬರು. ನಿನ್ನ ಬಗ್ಗೆ ಹೇಳಮ್ಮ ಎಂದರು. ಕುಮುದ ಹೆಸರು ಹೇಳಿದಳು, ಅವ್ವ ಇಸ್ತ್ರಿ ಮಾಡುತ್ತಾಳೆ ಎಂದಳು. ಆಮೇಲೆ ತನ್ನ ಕೊರತೆಗಳನ್ನು ಹೇಳಿದಳು. ಇಂಗ್ಲಿಷು ಮಾತಾಡಲು ತಡವರಿಸುತ್ತೇನೆ, ಬೇಗ ಸಿಟ್ಟು ಬರುತ್ತದೆ, ಬೆಳಿಗ್ಗೆ ಎಬ್ಬಿಸಿದರೂ ಏಳುವುದಿಲ್ಲ. ಒಳಗೆ ನಗು ಕೇಳಿಸಿತು.

"ಅದು ಸರಿ" ಎಂದರು ಮೇಡಂ. "ಇಲ್ಲಿ ಬಂದಿರೋ ಎಲ್ಲರ ಅಂಕವೂ ನಿನ್ನಷ್ಟೇ ಇದೆ. ನಿನಗೇ ಯಾಕೆ ಕೊಡಬೇಕು? ನಿನ್ನಲ್ಲಿ ಏನು ವಿಶೇಷ ಇದೆ, ಅದನ್ನ ಹೇಳು."

ಕುಮುದ ಸುಮ್ಮನಿದ್ದಳು. ಮೇಡಂ ಮತ್ತೊಮ್ಮೆ ಕೇಳಿದರು, ಆಗಲೂ ಸುಮ್ಮನಿದ್ದಳು. ಹೇಳಲೇಬೇಕಾದ ಜಾಗದಲ್ಲಿ ನಮ್ಮ ಹುಡುಗಿ ಬಾಯಿ ಮುಚ್ಚಿ ಕೂತಿದ್ದಾಳೆ, ಅವಳ ಪೂರ್ವದ ಮನೆಯವನು ಪರದೆಯ ಈಚೆ ಕೂತಿದ್ದಾನೆ. ನಮ್ಮೂರಿನ ಯಾವ ಮನುಷ್ಯನಾದರೂ ಏನು ಮಾಡುತ್ತಿದ್ದನೋ ನಾನೂ ಅದನ್ನೇ ಮಾಡಿದೆ. ಎದ್ದು ಪರದೆ ಸರಿಸಿ ಒಳಗೆ ನುಗ್ಗಿದೆ.

"ನಾನು ಹೇಳ್ತೀನಿ ಮೇಡಂ" ಎಂದೆ. ಗಿರಣಿಯ ಗಂಟಲು, ಮೂವರೂ ಕುರ್ಚಿಯಲ್ಲಿ ಬೆಚ್ಚಿದರು. ಪುಸ್ತಕದ ಹಿಂದೆ ಅಚ್ಚಾಗಿದ್ದ ಉತ್ತರ ತಪ್ಪು ಎಂದು ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ವಾರಗಟ್ಟಲೆ ಜಗಳ ಮಾಡಿ ಒಪ್ಪಿಸಿದ್ದನ್ನು ಹೇಳಿದೆ. ಕರೆಂಟು ಹೋದಾಗಲೆಲ್ಲ ಗಿರಣಿಯ ಮೆಟ್ಟಿಲ ಮೇಲೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು, ಚಪಾತಿ ಹರಿದು ಹರಿದು ಭಿನ್ನರಾಶಿ ಕಲಿಸಿದ್ದನ್ನು ಹೇಳಿದೆ. ಇನ್ನೂ ಹೇಳುತ್ತಿದ್ದೆ, ಬಲಗಡೆ ಕೂತಿದ್ದವರು ಮೇಜು ಗುದ್ದಿದರು.

"ಯಾರ್ರೀ ನೀವು? ಶಿಫಾರಸು ಮಾಡೋಕೆ ಬಂದಿದ್ದೀರಾ?"

"ಶಿಫಾರಸಲ್ಲ ಸ್ವಾಮಿ. ನಾನು ಇವಳ ಪೂರ್ವದ ಮನೆಯವನು."

"ಯಾವ ದಿಕ್ಕಾದ್ರೂ ಆಗಿರಿ. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದೆ. ಜನ ಕರ್ಕೊಂಡು ಬಂದು, ಕಟ್ಟುಕತೆ ಹೇಳಿಸೋದು. ಮೇಡಂ, ಈ ಹೆಸರು ಹೊಡೆದು ಹಾಕಿ."

ಮೇಡಂ ಪೆನ್ನು ಎತ್ತಿಕೊಂಡರು. ನಮ್ಮೂರಲ್ಲಿ ಯಾವುದು ಧರ್ಮವೋ ಅದು ಇಲ್ಲಿ ಅಪರಾಧ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಹುಡುಗಿಯ ಬಾಳನ್ನು ನಾನೇ ಹಾಳುಮಾಡಿದ್ದೆ. ಆಗ ಕುಮುದ ಕುರ್ಚಿಯಿಂದ ಎದ್ದು ನಿಂತಳು.

"ಇವರು ಕಟ್ಟುಕತೆ ಹೇಳಲ್ಲ ಮೇಡಂ. ನಮ್ಮೂರಲ್ಲಿ ನನ್ನ ಬಗ್ಗೆ ಇವರೇ ಹೇಳ್ಬೇಕು, ನಾನು ಹೇಳ್ಬಾರ್ದು. ಅದಕ್ಕೆ ಹೇಳಿದ್ರು. ಇಲ್ಲಿ ಹಂಗೆ ನಡೆಯಲ್ಲ ಅಂದ್ರೆ ಇವರು ಹೇಳಿದ್ದನ್ನ ಬಿಟ್ಟುಬಿಡಿ. ನಾನೇ ಹೇಳ್ತೀನಿ."

"ಬೇಡ ಕಣೆ" ಎಂದೆ. ಹುಟ್ಟಿದಾಗಿನಿಂದ ನಾನು ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಅವಳು ನನ್ನ ಕಡೆ ತಿರುಗಿ ನೋಡಿದಳು, ಹೆದರಿಕೆ ಇತ್ತು ಕಣ್ಣಿನಲ್ಲಿ, ಆದರೆ ನಿಲ್ಲಲಿಲ್ಲ.

"ನಂಗೆ ಲೆಕ್ಕ ಚೆನ್ನಾಗಿ ಬರುತ್ತೆ. ತುಂಬ ಚೆನ್ನಾಗಿ ಬರುತ್ತೆ. ಒಂದು ಲೆಕ್ಕ ನೋಡಿದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಬಿಡಿಸೋದಕ್ಕೆ ಮೊದಲೇ ನನಗೆ ಕಾಣುತ್ತೆ. ನಮ್ಮ ಮೇಷ್ಟ್ರಿಗೆ ಕಾಣದೇ ಇರೋದೂ ಕಾಣುತ್ತೆ. ಬೇರೆಯವರಿಗೆ ಹೇಳಿಕೊಡೋಕೂ ಬರುತ್ತೆ. ನಮ್ಮ ತಾಲ್ಲೂಕಲ್ಲಿ ನನ್ನಷ್ಟು ಲೆಕ್ಕ ಬರೋರು ಇನ್ನೊಬ್ರಿಲ್ಲ."

ಅವಳು ಕುತ್ತಿಗೆ ನೆಟ್ಟಗೆ ಮಾಡಿ, ಒಂದೊಂದೇ ಮಾತನ್ನು ಎತ್ತಿ ಮೇಜಿನ ಮೇಲೆ ಇಡುವ ಹಾಗೆ ಹೇಳಿದಳು. ನಮ್ಮೂರಿನ ಮನುಷ್ಯರೊಬ್ಬರು ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಹೇಳಿಕೊಂಡದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ನಾನು ಹೇಳುತ್ತ ಬಂದದ್ದೆಲ್ಲ ಅವಳ ಬಾಯಲ್ಲಿ ಎಷ್ಟು ಚಂದ ಕೇಳಿಸಿತು.

ಮೇಡಂ ಪೆನ್ನು ಕೆಳಗಿಟ್ಟರು. "ಮತ್ತೇನಾದ್ರೂ ಇದೆಯಾ?" ಎಂದು ಕೇಳಿದರು, ದನಿ ಈಗ ಮೆತ್ತಗಾಗಿತ್ತು.

"ಇನ್ನೊಂದಿದೆ ಮೇಡಂ. ಅದನ್ನ ಮಾತ್ರ ಹೇಳಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮೈಲಿಗಲ್ಲುಗಳನ್ನು ಓದಿಕೊಂಡು, ಬಸ್ಸಿನ ವೇಗ ಹಿಡಿದು, ಊರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮುಂಚೆಯೇ ಹೇಳುವುದು ಅವಳ ಚಿಕ್ಕಂದಿನ ಆಟ. ಆ ದಿನ ಕಲ್ಲುಗಳು ಒಂದರ ಹಿಂದೆ ಒಂದು ಬಂದು ಹೋದವು. ಅವಳು ಅವುಗಳನ್ನು ಅಂಗಳದ ರಂಗೋಲಿ ನೋಡುವಂತೆ ನೋಡುತ್ತಿದ್ದಳು. "ಮಾಮ, ಅದರ ಮೇಲೆ ಏನು ಬರೆದಿದೆ?" ಎಂದು ಕೇಳಿದಳು. ಹದಿನೆಂಟು ಎಂದೆ. "ಅದು ಜಾಸ್ತೀನಾ ಕಮ್ಮೀನಾ?" ಎಂದಳು. ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ನಿದ್ದೆ ಹೋದಳು.

ಕೆಲವು ದಿನಕ್ಕೆ ಗಿರಣಿಯ ಫೋನಿಗೆ ಕಾಲೇಜಿನಿಂದ ಕರೆ ಬಂತು, ವಿದ್ಯಾರ್ಥಿವೇತನ ಕುಮುದಳಿಗೇ ಸಿಕ್ಕಿತ್ತು. ಊರು ಕುಣಿಯಬೇಕೋ ಕೊರಗಬೇಕೋ ತಿಳಿಯದೆ ನಿಂತಿತು. ಹುಡುಗಿ ಹೂರಣ ಕೊಟ್ಟು ಹೋಳಿಗೆ ತಂದಳು ಎಂದು ಗಿರಿಯಪ್ಪ ತಲೆ ಚಚ್ಚಿಕೊಂಡ. ಮರುವಾರ ಶಾಲೆ ಶುರುವಾಯಿತು. ಕುಮುದ ಬೆಳಿಗ್ಗೆ ಎರಡು ಜಡೆ ಹಾಕಿಕೊಂಡು, ಸ್ಲೇಟು ಬಳಪ ಹಿಡಿದು, ನಡು ಬೀದಿಯಲ್ಲೇ ನಡೆದುಹೋಗಿ ಒಂದನೇ ಕ್ಲಾಸಿನ ಚಾಪೆಯ ಮೇಲೆ ಚಿಳ್ಳೆಪಿಳ್ಳೆಗಳ ನಡುವೆ ಕೂತಳು. ಟೀಚರು ಮುಜುಗರಪಟ್ಟು ಕುರ್ಚಿ ಕೊಡಲು ಹೋದರೆ, "ಕುರ್ಚೀಲಿ ಕೂತ್ರೆ ಹಿಂದಿನ ಮಕ್ಕಳಿಗೆ ಬೋರ್ಡು ಕಾಣಲ್ಲ ಟೀಚರ್" ಎಂದು ಅಲ್ಲೇ ಕೂತಳಂತೆ. ಶಾಲೆಯ ಕಾಂಪೌಂಡಿನ ಮೇಲಿಂದ ಜನ ಇಣುಕಿದರು. ಅವಳು ತಲೆ ತಗ್ಗಿಸಲಿಲ್ಲ, ಒಂದಕ್ಕೆ ಒಂದು ಸೇರಿದರೆ ಎರಡು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು.

ಆಗ ನನಗೆ ತಿಳಿಯಿತು, ಮೇಡಂ ಮುಂದೆ ಅವಳು ಹೇಳದೆ ಉಳಿಸಿಕೊಂಡು ಬಂದದ್ದು ಏನೆಂದು. ಅವಳ ಪೂರ್ವದ ಮನೆಯವನಾಗಿ ನಾನು ಹೇಳಬಹುದು. ಕಲಿಯುವುದರಲ್ಲಿ ಅವಳನ್ನು ಹಿಡಿಯುವವರಿಲ್ಲ. ಅದೊಂದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಅದೊಂದು ಉಳಿಯಿತು. ವಾರದೊಳಗೆ ಮಗ್ಗಿ ಮುಗಿಸಿ ಮುಂದಿನ ಕ್ಲಾಸಿನ ಚಾಪೆಗೆ ಹೋದಳು, ಅಲ್ಲಿಂದ ಅದರ ಮುಂದಿನದಕ್ಕೆ. ಭಿನ್ನರಾಶಿಯಲ್ಲಿ ಮಾತ್ರ ಸಿಕ್ಕಿಬಿದ್ದಳು. ಸಂಜೆ ಕರೆಂಟು ಹೋದಾಗ ಬೀದಿಯ ಮಕ್ಕಳು ತಾವೇ ಚಪಾತಿ ತಂದು ಮೆಟ್ಟಿಲ ಮೇಲೆ ಕೂತು, "ಹಂಗಲ್ಲ ಕುಮುದಕ್ಕ, ನೀವೇ ಹೇಳಿಕೊಟ್ಟಿದ್ರಲ್ಲ" ಎಂದು ಹರಿದು ತೋರಿಸಿದರು. ಕಲಿತ ಮೇಲೆ ಚಪಾತಿ ಎಲ್ಲರೂ ತಿಂದರು. ಬೋರಯ್ಯನೂ ಒಂದು ದಿನ ಶಾಲೆಯ ಕಾಂಪೌಂಡಿನ ಹತ್ತಿರ ಬಂದು ಬಹಳ ಹೊತ್ತು ನಿಂತಿದ್ದರು. ಅದಾದ ಮೇಲೆ ಕೆರೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದರಂತೆ. ನಾನು ಕಂಡಿಲ್ಲ, ಅವರ ಪೂರ್ವದ ಮನೆಯವರು ಹೇಳಿದ್ದು.

ಕಾಲೇಜು ಶುರುವಾಗುವ ಹೊತ್ತಿಗೆ ಕುಮುದ ಪಿಯುಸಿಯ ಪುಸ್ತಕದ ಕೊನೆಯ ಭಾಗಕ್ಕೆ ಬಂದಿದ್ದಳು. ಉಳಿದ ಎರಡು ಪಾಠ ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ ಎಂದಳು. ಈ ಇಡೀ ಕಾಲದಲ್ಲಿ ಸಾಕಮ್ಮ ಏನೂ ಹೇಳಲಿಲ್ಲ. ದಿನಾ ಮಗಳ ಸ್ಲೇಟು ಒದ್ದೆ ಬಟ್ಟೆಯಿಂದ ಒರೆಸಿಡುತ್ತಿದ್ದಳು, ಗಾಡಿಗೆ ಹೋಗುತ್ತಿದ್ದಳು, ಅಷ್ಟೆ. ಇವಳಿಗೇನು ಕಲ್ಲಿನ ಎದೆಯೇ ಎಂದು ನನಗೆ ಒಂದೆರಡು ಸಲ ಸಿಟ್ಟೂ ಬಂತು.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಅರ್ಧ ಊರು ಬಂದಿತ್ತು. ಸಾಕಮ್ಮ ಬ್ಯಾಗು ಹಿಡಿದು ಬಂದಳು, ಹಿಂದೆ ಕುಮುದ, ಅದೇ ನೀಲಿ ಚೂಡಿದಾರ್ ತೊಟ್ಟು. ನಾನು ಮುಂದೆ ಹೋಗಿ ಬ್ಯಾಗು ಇಸಿದುಕೊಳ್ಳಲು ಕೈ ಚಾಚಿದೆ, ಚಾಚಿದ ಕೈ ಹಾಗೇ ನಿಂತಿತು. ಹುಡುಗಿಯ ತೋಳಿನ ಮೇಲೆ ಒಂದರ ಪಕ್ಕ ಒಂದು ಎರಡು ಗೆರೆ ಬಿದ್ದಿದ್ದವು, ಎರಡೂ ಸೊಟ್ಟ. ಬೆನ್ನಿನ ಮೇಲೆ ಬಟ್ಟೆ ಮುದುಡಿಕೊಂಡಿತ್ತು. ವೇಲಿನ ಅಂಚು ಪೆಟ್ಟಿಗೆಯ ಮೂತಿಯಷ್ಟಗಲ ಸುಟ್ಟು ಕಂದಾಗಿತ್ತು.

ನಾನು 'ಸಾಕಮ್ಮ' ಎಂದೆ.

"ಹೂ ಅಣ್ಣ" ಎಂದಳು. "ಹೇಳಬೇಕಾದ್ದೆಲ್ಲ ಅವಳಿಗೇ ಹೇಳಿಬಿಟ್ಟೆ. ಬೆಳಿಗ್ಗೆ ತಲೆ ಬಾಚುವಾಗ. ಒಂದೂ ಉಳಿಸಿಕೊಳ್ಳಲಿಲ್ಲ."

"ಗಾಡಿ?"

"ಸ್ಲೇಟು ಹಿಡ್ಕೊಂಡು ಅವಳು ಚಾಪೆ ಮೇಲೆ ಕೂರಲಿಲ್ವಾ. ನಾನೂ ಕರ್ಚೀಫಿಂದ ಶುರು ಮಾಡ್ತೀನಿ."

ಸುತ್ತ ನಿಂತವರ ಕಣ್ಣು ಒಂದೊಂದಾಗಿ ಆ ತೋಳಿನ ಮೇಲೆ ಬಿತ್ತು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರುದ್ರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಕುಮುದ ಬಸ್ಸು ಹತ್ತುವ ತನಕ ಆ ಸೊಟ್ಟ ಗೆರೆಗಳ ಮೇಲೆ ಬೆರಳಾಡಿಸುತ್ತಲೇ ಇದ್ದಳು. ಪಟ್ಟಣಕ್ಕೆ ಹೋಗಿ ಇನ್ನೊಮ್ಮೆ ಇಸ್ತ್ರಿ ಮಾಡಿಸಿಕೊ ಎಂದು ಕಂಡಕ್ಟರ್ ಹೇಳಿದ್ದಕ್ಕೆ, ಇದನ್ನು ಯಾರೂ ಮುಟ್ಟಬಾರದು ಎಂದು ಅವನಿಗೆ ಗದರಿದಳು.

ಆ ವರ್ಷ ನಮ್ಮೂರಲ್ಲಿ ಯಾರ ಬಟ್ಟೆಯೂ ನೆಟ್ಟಗಿರಲಿಲ್ಲ. ಬೇರೆ ಕಡೆ ಇಸ್ತ್ರಿ ಮಾಡಿಸಲು ಒಬ್ಬರೂ ಹೋಗಲಿಲ್ಲ. ಅಧ್ಯಕ್ಷರು ಧ್ವಜಾರೋಹಣದ ದಿನ ಮೂರು ಗೆರೆಯ ಅಂಗಿಯಲ್ಲಿ ಭಾಷಣ ಮಾಡಿದರು. ರುದ್ರಮ್ಮ ತಮ್ಮ ರೇಷ್ಮೆ ಸೀರೆಯನ್ನೇ ಗಾಡಿಯ ಮೇಲಿಟ್ಟು, ಇದರ ಮೇಲೇ ಕಲಿ ಎಂದು ಹೇಳಿ ಬಂದರು. ಶ್ರಾವಣದಲ್ಲಿ ಒಂದು ಮದುವೆಗೆ ನಾನು ಸಾಕಮ್ಮ ಒತ್ತಿಕೊಟ್ಟ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಗಂಡಿನ ಕಡೆಯವರು ಪರ ಊರಿನವರು, ಅವರಲ್ಲಿ ಒಬ್ಬ ಹಿರಿಯರು ನನ್ನನ್ನು, ಸುತ್ತ ಕೂತ ಉಳಿದವರನ್ನು ಮೇಲಿಂದ ಕೆಳಗೆ ನೋಡಿ, ತಮಾಷೆಗೆ ಕೇಳಿದರು.

"ಏನ್ರೀ ಯಜಮಾನ್ರೆ, ನಿಮ್ಮೂರಲ್ಲಿ ಇಸ್ತ್ರಿ ಮಾಡೋರು ಯಾರೂ ಇಲ್ವಾ?"

"ಇದ್ದಾರೆ" ಎಂದೆ. ಪಕ್ಕದ ಕುರ್ಚಿ ಎಳೆದು ಅವರಿಗೆ ತೋರಿಸಿದೆ. "ಕೂತ್ಕೊಳ್ಳಿ, ಹೇಳ್ತೀನಿ. ನಮ್ಮ ಪಶ್ಚಿಮದ ಮನೆಯವರು."